ಮೂವತ್ತನೇ ದಿನದ ನಂತರ

ಬೆಳಿಗ್ಗೆ ಪೇಪರು ಬಿಡಿಸಿದರೆ ಕಾಸರಗೋಡು ಪುಟದ ಯಾವುದಾದರೂ ಮೂಲೆಯಲ್ಲಿ ಆ ಸುದ್ದಿ ಇರುತ್ತದೆ. ಬೈಕಿಗೆ ಪಿಕಪ್ ಡಿಕ್ಕಿ, ಸವಾರನ ತಲೆಗೆ ಗಂಭೀರ ಗಾಯ, ಮಂಗಳೂರಿನ ಆಸ್ಪತ್ರೆಗೆ ದಾಖಲು. ಒಂದು ದಿನ ಕುಂಬಳೆ, ಇನ್ನೊಂದು ದಿನ ಸೀತಾಂಗೋಳಿ, ಮತ್ತೊಂದು ದಿನ ಬದಿಯಡ್ಕ. ಗಾಯಾಳು ತೀರಿಕೊಂಡರೆ ಕೆಲವು ದಿನ ಬಿಟ್ಟು ಫೋಟೋ ಸಮೇತ ಇನ್ನೊಂದು ಸುದ್ದಿ ಬರುತ್ತದೆ. ಬದುಕಿದರೆ ಏನೂ ಬರುವುದಿಲ್ಲ. ಮೊದಲೆಲ್ಲ ನಾನೂ ಪುಟ ತಿರುಗಿಸಿ ಅಡಿಕೆ ಧಾರಣೆ ನೋಡುತ್ತಿದ್ದೆ. ಈಗ ಹಾಗೆ ಆಗುವುದಿಲ್ಲ. ಆ ಮನುಷ್ಯನಿಗೆ ಆಮೇಲೆ ಎಂತ ಆಯ್ತು? ಮನೆಗೆ ಬಂದನಾ? ಕೆಲಸಕ್ಕೆ ಹೋಗ್ತಾನಾ? ಹೆಂಡತಿ ಮಕ್ಕಳ ಹೆಸರು ನೆನಪಿದೆಯಾ? ಇದನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಭಾವನೂ ಅಂಥ ಒಂದು ಸುದ್ದಿಯಾದ ಮೇಲೆ ಈ ಪ್ರಶ್ನೆ ನನಗೆ ಅಂಟಿಕೊಂಡಿದೆ. ದೊಡ್ಡಮ್ಮನ ಮಗಳ ಗಂಡ. ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಆಪರೇಷನ್ ಆಗಿ, ಐಸಿಯುವಿನಲ್ಲಿದ್ದು, ನಡೆದುಕೊಂಡೇ ಮನೆಗೆ ಬಂದರು. ಊರಿನವರ ಪ್ರಕಾರ ಕಥೆ ಅಲ್ಲಿಗೆ ಮುಗಿಯಿತು. ದೇವರು ದೊಡ್ಡವನು, ಎದ್ದು ಬಂದ್ರಲ್ಲ, ಅಂತ ಎಲ್ಲರೂ ಹೇಳಿದರು. ಅಕ್ಕ ತಲೆಯಾಡಿಸಿದಳು. ಅವಳ ಮುಖ ನೋಡಿದರೆ ಕಥೆ ಮುಗಿದ ಹಾಗೆ ಕಾಣುತ್ತಿರಲಿಲ್ಲ.

ಲೆಕ್ಕದ ವಿಷಯ ಬಂತಲ್ಲ, ಸ್ವಲ್ಪ ಅಂಕಿ ನೋಡೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.9 ಕೋಟಿ ಜನರ ಮಿದುಳಿಗೆ ಪೆಟ್ಟಾಗುತ್ತದೆ ಅಂತ 2018ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಪಾಲು ಶ್ರೀಮಂತ ದೇಶಗಳ ಸುಮಾರು ಮೂರು ಪಟ್ಟು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ಬೈಕು ಮೊದಲು ಬಂತು, ಡಾಂಬರು ಆಮೇಲೆ, ಆಂಬುಲೆನ್ಸ್ ಅದಕ್ಕೂ ಆಮೇಲೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು. ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದ ಸವಾರರು ಮತ್ತು ಹಿಂದೆ ಕೂತವರು. ಇದು ಕೇಂದ್ರ ಸರ್ಕಾರದ ವರದಿಯಲ್ಲೇ ಇದೆ. ಗಾಯಗೊಂಡವರು 4,43,366. ಆ ನಾಲ್ಕೂವರೆ ಲಕ್ಷದಲ್ಲಿ ತಲೆಗೆ ಪೆಟ್ಟಾದವರೆಷ್ಟು, ಕೆಲಸಕ್ಕೆ ವಾಪಸ್ ಹೋದವರೆಷ್ಟು ಎನ್ನುವ ಕಾಲಂ ಇಲ್ಲ. ಅಪಘಾತವಾಗಿ 30 ದಿನದೊಳಗೆ ತೀರಿಕೊಂಡರೆ ರಸ್ತೆ ಸಾವು ಅಂತ ದಾಖಲಾಗುತ್ತದೆ. ಅಲ್ಲಿಂದ ಮುಂದೆ ಆಗುವುದೆಲ್ಲ ಮನೆಯವರ ಸ್ವಂತ ವಿಷಯ.

ಕಾರಿನಲ್ಲಿ ಗೊರಕೆ

ಭಾವ ಸಂಜೆ ಸೊಸೈಟಿ ಮುಚ್ಚಿ ಬರುವಾಗ ತಿರುವಿನಲ್ಲಿ ಕೆಂಪುಕಲ್ಲು ತುಂಬಿದ ಪಿಕಪ್ ಬಂದು ತಾಗಿತು. ಪಂಚಾಯತ್ ರಸ್ತೆ. ಹೆಲ್ಮೆಟ್ ಕನ್ನಡಿಗೆ ನೇತು ಹಾಕಿತ್ತು, ಯಾಕೆಂದರೆ ಕ್ಯಾಮೆರಾ ಇರುವುದು ಮೇನ್ ರೋಡಿನಲ್ಲಿ. ಬಿದ್ದವರು ತಾವಾಗಿಯೇ ಎದ್ದು ಕೂತರು. ಸೊಸೈಟಿಯ ಬ್ಯಾಗ್ ಎಲ್ಲಿ ಅಂತ ಕೇಳಿದರು, ನೀರು ಕುಡಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಹುಬ್ಬಿನ ಮೇಲೆ ಹೊಲಿಗೆ ಹಾಕಿ, ಟಿಟಿ ಕೊಟ್ಟು, ಏನೂ ತೊಂದರೆ ಇಲ್ಲ ಅಂದರು. ಮನೆಗೆ ಬಂದು ಊಟಕ್ಕೆ ಕೂತಾಗ ವಾಂತಿ. ಮತ್ತೆ ವಾಂತಿ. ಮಾತು ತೊದಲಿತು. ಆಚೆಮನೆಯ ಹುಡುಗನ ಕಾರು ಹೊರಟಿತು, ಮಂಗಳೂರಿಗೆ.

ಕಾರಿನಲ್ಲಿ ನಡೆದದ್ದನ್ನು ಅಕ್ಕ ಹೇಳಿದ ಹಾಗೆಯೇ ಬರೆಯುತ್ತೇನೆ. ಉಪ್ಪಳ ದಾಟುವಾಗ ಭಾವ ಗೊರಕೆ ಹೊಡೆಯಲು ಶುರು ಮಾಡಿದರು. ಮುಂದಿನ ಸೀಟಿನಲ್ಲಿದ್ದ ಮಾವನಿಗೆ ಸಮಾಧಾನವಾಯಿತು. 'ಮಲಗಲಿ ಪಾಪ, ಎಬ್ಬಿಸಬೇಡ' ಅಂದರು. ಅಕ್ಕನಿಗೂ ಹಾಗೇ ಅನಿಸಿತು. ತೊಡೆಯ ಮೇಲಿದ್ದ ತಲೆಯನ್ನು ಇನ್ನೂ ಸ್ವಲ್ಪ ಮೇಲೆತ್ತಿ, ಗಲ್ಲ ಎದೆಗೆ ತಾಗುವ ಹಾಗೆ ಇಟ್ಟುಕೊಂಡಳು, ಆರಾಮ ಆಗಲಿ ಅಂತ. ತಲಪಾಡಿ ಟೋಲಿನ ಸಾಲಿನಲ್ಲಿ ಕಾರು ನಿಂತಿತು. ಇಂಜಿನ್ ಸದ್ದು ತಗ್ಗಿದಾಗ ಆ ಗೊರಕೆ ಜೋರಾಗಿ ಕೇಳಿತು. ಕಾರು ಓಡಿಸುತ್ತಿದ್ದ ಹುಡುಗ ಮೊದಲು ಸ್ವಲ್ಪ ಸಮಯ ಆಂಬುಲೆನ್ಸ್ ಓಡಿಸಿದವನು. ಅವನು ತಿರುಗಿ ನೋಡಿದ. 'ಅಕ್ಕ, ಇದು ನಿದ್ದೆ ಅಲ್ಲ' ಅಂದ. ಕಾರು ಬದಿಗೆ ಹಾಕಿ ಇಳಿದು ಬಂದು, ಕತ್ತು ತಿರುಚದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಾಗಿಸಿ, ದವಡೆಯನ್ನು ಬೆರಳಿನಿಂದ ಮುಂದಕ್ಕೆ ಒತ್ತಿ ಹಿಡಿದ. ಗೊರಕೆ ನಿಂತಿತು. ಉಸಿರು ಬಂತು. ಹೀಗೇ ಹಿಡಿದಿರಿ ಅಂತ ಅಕ್ಕನ ಕೈ ಇಟ್ಟು ತೋರಿಸಿದ. ಪಂಪ್‌ವೆಲ್ ದಾಟಿ ಆಸ್ಪತ್ರೆಯ ಗೇಟಿನವರೆಗೂ ಅವಳು ಹಿಡಿದೇ ಇದ್ದಳು.

ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಸರಿದು ಗಂಟಲು ಮುಚ್ಚುತ್ತದೆ. ಆಗ ಬರುವ ಸದ್ದು ಗೊರಕೆಯ ಹಾಗೇ ಇರುತ್ತದೆ. ಪೆಟ್ಟು ಬಿದ್ದ ಕ್ಷಣದಲ್ಲಿ ಮಿದುಳಿಗೆ ಆಗುವುದು ಮೊದಲ ಹಾನಿ. ಅದನ್ನು ಯಾವ ಡಾಕ್ಟರೂ ವಾಪಸ್ ತರಲಾರರು. ಆದರೆ ಆಮೇಲಿನ ಗಂಟೆಗಳಲ್ಲಿ ಉಸಿರು ಕಮ್ಮಿಯಾಗಿ, ಬಿಪಿ ಇಳಿದು ಆಗುವುದು ಎರಡನೇ ಹಾನಿ. ಮೇಲಿನ ಬಿಪಿ 90ಕ್ಕಿಂತ ಕೆಳಗೆ ಹೋದರೆ ಗಂಭೀರ ಗಾಯಾಳುಗಳಲ್ಲಿ ಸಾವು ಹೆಚ್ಚು ಕಡಿಮೆ ದುಪ್ಪಟ್ಟಾಗುತ್ತದೆ ಅಂತ 1990ರ ದಶಕದಿಂದಲೇ ಗೊತ್ತು. ನಮ್ಮಂಥ ಕಡೆ ಜನರನ್ನು ಕೊಲ್ಲುವುದು ಜಾಸ್ತಿ ಈ ಎರಡನೆಯದೇ ಅಂತ ನನಗನಿಸುತ್ತದೆ. ಅದನ್ನು ತಡೆಯಲು ನ್ಯೂರೋಸರ್ಜನ್ ಬೇಡ. ದವಡೆ ಹಿಡಿಯಲು ಗೊತ್ತಿರುವ ಒಬ್ಬ ಡ್ರೈವರ್ ಸಾಕು. ಊರಿನ ಆಟೋ, ಜೀಪು ಡ್ರೈವರುಗಳಿಗೆ ಇದನ್ನು ಕಲಿಸಲು ಒಂದು ಬೆಳಗಿನ ಕ್ಲಾಸು ಸಾಲದಾ?

ಬಿದ್ದ ಮೇಲೆ ಸರಿಯಾಗಿ ಮಾತಾಡಿದವರು ಗಂಟೆಗಳ ನಂತರ ಕುಸಿಯುವುದು ಡಾಕ್ಟರುಗಳಿಗೆ ಹೊಸ ಸಂಗತಿಯಲ್ಲ. ಬುರುಡೆಯ ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತನಾಳ ಹರಿದು ರಕ್ತ ತುಂಬುತ್ತಾ ಹೋಗುತ್ತದೆ. ಬುರುಡೆ ತೆಂಗಿನ ಕರಟದ ಹಾಗೆ, ಹಿಗ್ಗುವುದಿಲ್ಲ. ರಕ್ತಕ್ಕೆ ಜಾಗ ಆಗಬೇಕಾದರೆ ಮಿದುಳು ಸರಿಯಬೇಕು. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೂಕಡಿಕೆ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವೆಲ್ಲ ಅದರ ಸೂಚನೆ. ಹೊಲಿಗೆ ಹಾಕಿ ಕಳಿಸುವಾಗ ಇದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದು ಕೊಡಬಹುದಿತ್ತು. ಆ ಕ್ಲಿನಿಕ್ಕಿನ ಮೇಲೆ ಒಬ್ಬರ ಸಿಟ್ಟು ತೀರಿಸಿಕೊಳ್ಳುವ ಮಾತಲ್ಲ ಇದು. ಎಷ್ಟೋ ಕಡೆ ಇದೇ ರೂಢಿ.

ಮಂಗಳೂರಿನ ಕ್ಯಾಶುವಾಲಿಟಿಯಲ್ಲಿ ಮೊದಲು ಕೇಳಿದ್ದು, 'ಕುಡಿದಿದ್ರಾ?' ಸಂಜೆ ಬೈಕಿನಿಂದ ಬಿದ್ದ ಗಂಡಸು, ಮಾತು ತೊದಲು. ಕೇಳುವುದು ಸಹಜವೇ. ಆದರೆ ರಸ್ತೆ ಬದಿಯಲ್ಲಿ ಬಿದ್ದವರನ್ನು ಕುಡಿದು ಬಿದ್ದಿದ್ದಾನೆ ಅಂತ ಬಿಟ್ಟು ಹೋಗುವುದು ಎಷ್ಟು ಸಲ ನಡೆಯುವುದಿಲ್ಲ? ಕುಡಿದವನ ತಲೆಗೂ ಪೆಟ್ಟಾಗುತ್ತದೆ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಎರಡನೇ ಪ್ರಶ್ನೆ, ಮೊದಲು ನೋಡಿದ ಡಾಕ್ಟರು ಸ್ಕೋರ್ ಎಷ್ಟು ಬರೆದಿದ್ದಾರೆ? ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ಡಾಕ್ಟರುಗಳು 1974ರಲ್ಲಿ ಮಾಡಿಕೊಟ್ಟ, ಪ್ರಜ್ಞೆಯ ಮಟ್ಟದ ಅಳತೆ ಅದು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರ ಇದ್ದರೆ 15, ತೀರಾ ಕೆಳಗೆ ಅಂದರೆ 3. ಯಂತ್ರ ಬೇಡ, ಕರೆಂಟು ಬೇಡ, ಪೆನ್ನು ಸಾಕು. 14 ಇದ್ದದ್ದು 9 ಆಯ್ತು ಅಂತ ಗೊತ್ತಾದರೆ ಡಾಕ್ಟರು ಓಡುತ್ತಾರೆ. ಬರೀ 9 ಅಂತ ಮಾತ್ರ ಗೊತ್ತಾದರೆ ಇಳಿಯುತ್ತಾ ಇದೆಯಾ, ನಿಂತಿದೆಯಾ ಅಂತ ಹೇಗೆ ತಿಳಿಯುವುದು? ಭಾವನ ಚೀಟಿಯಲ್ಲಿ ಹೊಲಿಗೆ ಎಷ್ಟು ಅಂತ ಮಾತ್ರ ಇತ್ತು.

ಗಡಿಯ ಈಚೆ ಬಿದ್ದರೆ

ತಲೆಗೆ ಪೆಟ್ಟಾದರೆ ಉತ್ತರ ಕಾಸರಗೋಡಿನ ನಮಗೆಲ್ಲ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತದ್ದು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಬದಿಯಡ್ಕ ಪೆರ್ಲ ನಡುವಿನ ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅಲ್ಲಿ ರೋಗಿಗಳು ಮಲಗಿದ್ದು 2020ರಲ್ಲಿ, ಕೋವಿಡ್ ಬಂದ ಮೇಲೆ. ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ.

ಹಣದ ವಿಷಯದಲ್ಲೂ ಗಡಿ ಇದೆ. ಕರ್ನಾಟಕ 2016ರಲ್ಲಿ ಹರೀಶ್ ಹೆಸರಿನ ಯೋಜನೆ ತಂದಿತು. ಅಪಘಾತದಲ್ಲಿ ದೇಹ ತುಂಡಾಗಿಯೂ ಅಂಗದಾನ ಮಾಡಿ ಅಂತ ಬೇಡಿಕೊಂಡ ಹುಡುಗನ ಹೆಸರದು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ. ರಾಜ್ಯದೊಳಗೆ ಬಿದ್ದ ಯಾರಿಗಾದರೂ ಸರಿ, ಆದರೆ ಬೀಳುವುದು ತಲಪಾಡಿಯಿಂದ ಆಚೆ ಆಗಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. 7 ದಿನ, ಒಂದೂವರೆ ಲಕ್ಷದವರೆಗೆ. ಒಳ್ಳೆಯದೇ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರಿಗೆ ಪೊಲೀಸ್ ಕಾಟ ಇರಬಾರದು ಅಂತಲೂ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಇದೆ. ಗೋಲ್ಡನ್ ಅವರ್ ಅಂದರೆ ಒಂದು ಗಂಟೆ ಅಂತ ಅದೇ ಕಾಯ್ದೆಯಲ್ಲಿ ಬರೆದಿದೆ. ಒಂದು ಗಂಟೆ, 48 ಗಂಟೆ, 7 ದಿನ, 30 ದಿನ. ಕಾನೂನಿನ ಗಡಿಯಾರಗಳೆಲ್ಲ ಅಷ್ಟರಲ್ಲಿ ನಿಂತುಬಿಡುತ್ತವೆ. ಇನ್ನು ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರಿಗೆ ಇವು ಯಾವುದೂ ಅನ್ವಯವೇ ಅಲ್ಲ, ಅದು ರಸ್ತೆಯಲ್ಲವಲ್ಲ. ಮದ್ದು ಬಿಡುವವರು, ಕೊನೆ ಕೊಯ್ಯುವವರು ಬಿದ್ದ ಕಥೆ ಇಲ್ಲದ ಊರು ನಮ್ಮ ಕಡೆ ಯಾವುದಿದೆ? ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯಬಹುದು ಎನ್ನುವುದು ಧಾರಣೆ ಏರಿದ್ದಕ್ಕಿಂತ ದೊಡ್ಡ ಸಂತೋಷ ನನಗೆ.

ಬಡ ದೇಶಗಳಿಂದ ಬಂದ ಪಾಠ

ದೊಡ್ಡ ಯಂತ್ರಗಳಿಲ್ಲದೆ ಏನೂ ಆಗದು ಅಂತ ಸುಮ್ನೆ ಕೈಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಬುರುಡೆಗೆ ತೂತು ಕೊರೆದು ಒಳಗಿನ ಒತ್ತಡ ಅಳೆಯುವ ಉಪಕರಣ ಶ್ರೀಮಂತ ದೇಶಗಳ ಐಸಿಯುಗಳಲ್ಲಿ ಮಾಮೂಲು. ಅದರಿಂದ ಎಷ್ಟು ಉಪಯೋಗ ಅಂತ ಪರೀಕ್ಷೆ ಮಾಡಿದ್ದು ಬೊಲಿವಿಯಾ ಮತ್ತು ಈಕ್ವೆಡಾರ್ ಆಸ್ಪತ್ರೆಗಳಲ್ಲಿ, 324 ಗಾಯಾಳುಗಳ ಮೇಲೆ. ಆ ಉಪಕರಣ ಇಲ್ಲದೆ, ಸ್ಕ್ಯಾನ್ ನೋಡಿ, ರೋಗಿಯನ್ನು ಪದೇಪದೇ ಪರೀಕ್ಷಿಸಿ ಚಿಕಿತ್ಸೆ ಕೊಟ್ಟವರಿಗಿಂತ ಉಪಕರಣ ಇದ್ದವರ ಸ್ಥಿತಿ ಉತ್ತಮವಾಗಿರಲಿಲ್ಲ. 2012ರಲ್ಲಿ ಈ ಫಲಿತಾಂಶ ಬಂದಾಗ ದೊಡ್ಡ ಚರ್ಚೆಯೇ ಆಯಿತಂತೆ. ನನಗೆ ಅದರಲ್ಲಿ ಕಾಣುವುದು ಹಾಸಿಗೆಯ ಪಕ್ಕ ನಿಂತು ಮತ್ತೆ ಮತ್ತೆ ನೋಡುವ ನರ್ಸಿನ ಬೆಲೆ.

ಇನ್ನೊಂದು ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನ ಜಾಸ್ತಿ ರಕ್ತಸ್ರಾವಕ್ಕೆ ಕೊಡುವ ಹಳೆಯ, ಅಗ್ಗದ ಮದ್ದು. 29 ದೇಶಗಳ 12,737 ಗಾಯಾಳುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಪೆಟ್ಟು ತೀರಾ ಗಂಭೀರವಲ್ಲದವರಲ್ಲಿ, ಮೂರು ಗಂಟೆಯೊಳಗೆ ಕೊಟ್ಟರೆ ತಲೆಗಾಯದ ಸಾವು ಕಡಿಮೆಯಾಗುವುದು ಕಂಡಿತು. ಬೇಗ ಕೊಟ್ಟಷ್ಟೂ ಒಳ್ಳೆಯದು. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಗಾಡಿ ಹುಡುಕಿ, ಒಂದು ಕ್ಲಿನಿಕ್ ನೋಡಿ, ಟೋಲ್ ದಾಟಿ ಹೋಗುವವರಿಗೆ ಮೂರು ಗಂಟೆ ಎಷ್ಟು ಹೊತ್ತು?

ಹೆಲ್ಮೆಟ್ ಬಗ್ಗೆ ಬರೆದರೆ ಓದುಗರು ಆಕಳಿಸುತ್ತಾರೆ, ಗೊತ್ತು. ಆದರೂ ವಿಯೆಟ್ನಾಂ ಮಾಡಿದ್ದನ್ನು ಹೇಳಲೇಬೇಕು. ಅದೂ ನಮ್ಮ ಹಾಗೇ ಬೈಕುಗಳ ದೇಶ. 2007ರ ಡಿಸೆಂಬರ್ 15ಕ್ಕೆ ಎಲ್ಲಾ ರಸ್ತೆಗಳಲ್ಲೂ ಎಲ್ಲಾ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದರು. ಕೆಲವೇ ವಾರಗಳಲ್ಲಿ ಶೇಕಡ 90ಕ್ಕೂ ಜಾಸ್ತಿ ಜನ ಹಾಕತೊಡಗಿದರು. ದಂಡ ನಿಜವಾಗಿ ಹಾಕಿದರು ಎನ್ನುವುದು ಮುಖ್ಯ ಕಾರಣ. ಕೇರಳದಲ್ಲಿ 2023ರ ಜೂನಿನಿಂದ ಎಐ ಕ್ಯಾಮೆರಾ ಬಂದಿವೆ. ಕ್ಯಾಮೆರಾದ ಮುಂದೆ ಎಲ್ಲರ ತಲೆಯೂ ಭದ್ರ. ಒಳರಸ್ತೆಗೆ ತಿರುಗಿದ ಕೂಡಲೇ ಹೆಲ್ಮೆಟ್ ಮೊಣಕೈಗೆ ಇಳಿಯುತ್ತದೆ. ಬಕಲ್ ಹಾಕುವವರಂತೂ ಇನ್ನೂ ಕಮ್ಮಿ. ಸರಿಯಾದ ಹೆಲ್ಮೆಟ್ ಸರಿಯಾಗಿ ಹಾಕಿದರೆ ತಲೆಗಾಯದ ಅಪಾಯ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ. ಸಾವಿನ ಅಪಾಯ ಸುಮಾರು ಶೇಕಡ 40ರಷ್ಟು ಇಳಿಯುತ್ತದೆ. ಇಷ್ಟು ಕೆಲಸ ಮಾಡುವ ಮದ್ದು ಮೆಡಿಕಲ್ ಶಾಪಿನಲ್ಲಿ ಸಿಗುವುದಾದರೆ ಸಾಲು ನಿಂತು ತರುತ್ತಿದ್ದೆವು, ಅಲ್ವಾ?

ಮನೆಗೆ ಬಂದ ಮೇಲೆ

ಭಾವ ಮನೆಗೆ ಬಂದ ಮೇಲೆ ನಾನು ಹೋದಾಗ ಅವರು ಅಡಿಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. ಮೊದಲಿನ ಹಾಗೇ ನಕ್ಕರು. ಆಸರಿಗೆ ಎಂತ ಬೇಕು ಅಂತ ಕೇಳಿದರು. ಅಕ್ಕ ಹಟ್ಟಿಯಲ್ಲಿದ್ದಳು. ಒಲೆಯ ಮೇಲೆ ಅನ್ನ ಸೀದು ಅಂಗಳದವರೆಗೂ ವಾಸನೆ ಬರುತ್ತಿತ್ತು. ನಾನು ಓಡಿಹೋಗಿ ಗ್ಯಾಸ್ ಆರಿಸಿದೆ. ಭಾವ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಗೊತ್ತೇ ಆಗಿರಲಿಲ್ಲ. ಮೂಗಿನಿಂದ ಮಿದುಳಿಗೆ ಹೋಗುವ ಸಣ್ಣ ನರಗಳು ಪೆಟ್ಟಿನ ರಭಸಕ್ಕೆ ಹರಿದರೆ ವಾಸನೆ ಹೋಗುತ್ತದಂತೆ. ಜಗಲಿಯಲ್ಲಿ ಹಲಸಿನ ಹಣ್ಣು ಬಿರಿದು ಬಿದ್ದಿದ್ದರೂ ಇವರಿಗೆ ತಿಳಿಯುವುದಿಲ್ಲ ಅಂತ ಅಕ್ಕ ಆಮೇಲೆ ಹೇಳಿದಳು. ಹೇಳುವಾಗ ನಕ್ಕಳು. ನಗದಿದ್ದದ್ದು ಉಳಿದ ವಿಷಯಕ್ಕೆ. ಮಿಕ್ಸಿ ಸದ್ದಿಗೆ ಸಿಟ್ಟು ನೆತ್ತಿಗೇರುತ್ತದೆ. ಒಮ್ಮೆ ಮಗಳ ಪುಸ್ತಕ ಬಾವಿಗೆ ಎಸೆದರು. ಎಸೆದು ಸ್ವಲ್ಪ ಹೊತ್ತಿಗೆ ಪುಸ್ತಕ ಎಲ್ಲಿ ಅಂತ ಅವರೇ ಹುಡುಕಿದರು. ಸೊಸೈಟಿಯವರು ಕೆಲಸ ಬಿಡಿಸಲಿಲ್ಲ, ಅವರದು ದೊಡ್ಡ ಮನಸ್ಸು. ಆದರೆ ಮೊದಲು ಯಾರ ಮನೆಯ ಹಾಲು ಎಷ್ಟು ಲೀಟರು, ಎಷ್ಟು ಫ್ಯಾಟ್ ಅಂತ ಬಾಯಲ್ಲೇ ಹೇಳುತ್ತಿದ್ದವರು ಈಗ ಒಂದೇ ಸಾಲನ್ನು ಎರಡು ಸಲ ಬರೆಯುತ್ತಾರೆ.

ಇಂಥವರಿಗೆ ಕಾನೂನಿನಲ್ಲಿ ಜಾಗ ಎಲ್ಲಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಮಿದುಳಿನ ಪೆಟ್ಟು ಅದರಲ್ಲಿ ಹೆಸರು ಹಿಡಿದು ಇಲ್ಲ. ಬೇರೆ ಯಾವುದಾದರೂ ಹೆಸರಿನ ಕೆಳಗೆ ಸೇರಿಸಿ, ಶೇಕಡ 40 ಮುಟ್ಟಿಸಬೇಕು. ಆಪರೇಷನ್ ಆದದ್ದು ಮಂಗಳೂರಿನಲ್ಲಿ, ಸರ್ಟಿಫಿಕೇಟಿಗೆ ಹೋದದ್ದು ಕೇರಳದ ಮೆಡಿಕಲ್ ಬೋರ್ಡಿಗೆ. ಬೋರ್ಡಿನ ಮುಂದೆ ಭಾವನಿಗೆ ಮಲಯಾಳದಲ್ಲಿ ಕೇಳಿದರು, ನೂರರಿಂದ ಏಳು ಕಳೆಯುತ್ತಾ ಬನ್ನಿ. ಕನ್ನಡ ಮೀಡಿಯಂನಲ್ಲಿ ಕಲಿತವರು. ಮಲಯಾಳ ಬಸ್ಸಿಗೆ, ಪೇಟೆಗೆ ಸಾಕು, ಲೆಕ್ಕಕ್ಕಲ್ಲ. ತೊಂಬತ್ತಮೂರು ಅಂದರು. ಆಮೇಲೆ ಬಹಳ ಹೊತ್ತು ಮೇಜನ್ನೇ ನೋಡಿದರು. ತಡವಾದದ್ದು ಭಾಷೆಯಿಂದ ಎಷ್ಟು, ಪೆಟ್ಟಿನಿಂದ ಎಷ್ಟು ಅಂತ ಹೇಗೆ ಬೇರೆ ಮಾಡುವುದು? ಡಾಕ್ಟರು ಒಳ್ಳೆಯವರು, ಅಕ್ಕನನ್ನು ಒಳಗೆ ಕರೆದು ಕನ್ನಡದಲ್ಲಿ ಕೇಳಲು ಹೇಳಿದರು. ಎಲ್ಲರಿಗೂ ಅಂಥ ಡಾಕ್ಟರೇ ಸಿಗಬೇಕಲ್ಲ.

ಕೇರಳದಲ್ಲಿ ಒಂದು ವಿಷಯಕ್ಕೆ ಹೆಮ್ಮೆ ಪಡಬೇಕು. 2008ರಲ್ಲೇ ಪಾಲಿಯೇಟಿವ್ ನೀತಿ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿ, ತಂದ ರಾಜ್ಯ ಇದು. ಪಂಚಾಯತ್ ನರ್ಸು ಮನೆಮನೆಗೆ ಬಂದು ಹಾಸಿಗೆ ಹಿಡಿದವರ ಹುಣ್ಣು ತೊಳೆಯುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ಅದೇ ಜೀಪಿನಲ್ಲಿ ತಿಂಗಳಿಗೊಮ್ಮೆ ಭಾವನಂಥವರ ಮನೆಗೂ ಯಾಕೆ ಹೋಗಬಾರದು? ಸಿಟ್ಟಿಗೆ, ನಿದ್ದೆಗೆ, ಫಿಟ್ಸಿಗೆ ಮದ್ದು ಇದೆ. ಮರೆವಿಗೆ ಡೈರಿ, ಅಲಾರಂ, ದಿನಚರಿ ಅಂತ ಕಲಿಸುವ ಕ್ರಮ ಇದೆ. ಮನೆಯವರಿಗೆ ಇದು ಹಟಮಾರಿತನ ಅಲ್ಲ, ಪೆಟ್ಟಿನ ಫಲ ಅಂತ ಒಬ್ಬರು ಕೂತು ಹೇಳಿದರೆ ಅರ್ಧ ಜಗಳ ನಿಲ್ಲುತ್ತದೆ. ನಡೆದಾಡುವವರು ಅಂತ ಇವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಪರಿಹಾರದ ಕೇಸು ಕಾಸರಗೋಡಿನ ಟ್ರಿಬ್ಯೂನಲ್‌ನಲ್ಲಿದೆ. 2022ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಅರ್ಜಿಗೆ ಆರು ತಿಂಗಳ ಗಡುವು ಇಟ್ಟಿದ್ದಾರೆ, ಅದರೊಳಗೆ ಹಾಕಿದ್ದಾಯಿತು. ಇನ್ಶೂರೆನ್ಸ್ ಕಂಪನಿಯ ವಕೀಲರು ಭಾವ ನಡೆದು ಬಂದದ್ದನ್ನೇ ತೋರಿಸಿ, ಇವರಿಗೆ ಏನಾಗಿದೆ ಅಂತ ಕೇಳಿದರು. ನಮ್ಮ ವಕೀಲರು 2010ರಲ್ಲಿ ಸುಪ್ರೀಂ ಕೋರ್ಟು ರಾಜ್‌ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಹಿಡಿದಿದ್ದಾರೆ. ಡಾಕ್ಟರು ಬರೆದ ಶೇಕಡಾವಾರು ಒಂದೇ ಸಾಲದು, ಆ ಮನುಷ್ಯ ಮಾಡುತ್ತಿದ್ದ ಕೆಲಸ ಈಗ ಎಷ್ಟು ಮಾಡಬಲ್ಲ ಅಂತ ನೋಡಬೇಕು ಎನ್ನುತ್ತದೆ ಅದು. ಹಾಗಾಗಿ ಸೊಸೈಟಿಯ ಸೆಕ್ರೆಟರಿ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅಪಘಾತಕ್ಕೆ ಮೊದಲಿನ ಲೆಕ್ಕದ ಪುಸ್ತಕ, ಆಮೇಲಿನದ್ದು, ಎರಡನ್ನೂ ತರಲು ವಕೀಲರು ಹೇಳಿದ್ದಾರೆ. ಮುಂದಿನ ವಾಯಿದೆ ಮಳೆಗಾಲ ಕಳೆದ ಮೇಲೆ.